ಪೆಡಲ್ ಇಳಿದರೆ ಗಾಳಿಯೊಂದೇ ಕಾರಣವಲ್ಲ

ಹಳೆ ಮಾರುತಿ 800ರಲ್ಲಿ ಬ್ರೇಕ್ ಪೆಡಲ್ ಕೆಳಕ್ಕೆ ಹೋದರೆ ಏರ್ (ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ) ತೆಗೆದರೆ ಸಾಕು ಅಂತ ಬ್ರೇಕ್ ರಿಪೇರಿಯ ಒಂದು ಲೇಖನದಲ್ಲಿ ಓದಿದೆ. ಅದಕ್ಕೂ ಮೊದಲು ಎಂಜಿನ್ ಆಫ್ ಮಾಡಿ, ಪೆಡಲನ್ನು ನಾಲ್ಕೈದು ಸಲ ತುಳಿದು, ಆಮೇಲೆ ಒಂದೇ ಸಮ ಒತ್ತಿ ಹಿಡಿದು ನೋಡಿ. ಪಂಪ್ ಮಾಡಿದಂತೆ ಗಟ್ಟಿಯಾಗುತ್ತಾ ಬಂದರೆ ಗಾಳಿ ಸೇರಿದೆ, ಇಲ್ಲವೇ ಹಿಂದಿನ ಚಕ್ರದ ಬ್ರೇಕ್ ಡ್ರಮ್‌ಗಳಲ್ಲಿ ಶೂ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಭಾಗ) ಸವೆದು ಗ್ಯಾಪ್ ಹೆಚ್ಚಾಗಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತಲೇ ಹೋದರೆ ಲೀಕ್. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಡ್ರಮ್ ಬಿಚ್ಚಿ, ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಬೂಟಿನ (ಮುಚ್ಚಳದ) ಅಂಚು ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ಅಲ್ಲೇ ಸೋರುತ್ತಿದೆ. ಹೊರಗೆಲ್ಲೂ ಆಯಿಲ್ ಕಾಣದೆ, ಬ್ರೇಕ್ ಆಯಿಲ್ ಬಾಟಲಿಯ ಮಟ್ಟವೂ ಇಳಿಯದಿದ್ದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳಿಗೆ ತಳ್ಳುವ ಭಾಗ) ಒಳಗಿನ ಸೀಲ್ ಹೋಗಿದೆ. ಆಗ ಎಷ್ಟು ಏರ್ ತೆಗೆದರೂ ಪ್ರಯೋಜನವಿಲ್ಲ.

ಏರ್ ತೆಗೆಯುವಾಗ ಪೆಡಲ್ ಅಡಿಗೆ ಒಂದಿಂಚಿನ ಮರದ ತುಂಡು ಇಡಿ. ಹಳೆ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ದಿನವೂ ಓಡಾಡದ ಕೊನೆಯ ಭಾಗಕ್ಕೆ ತುಕ್ಕು ಹಿಡಿದಿರುತ್ತದೆ. ನೆಲಕ್ಕೆ ತಾಗುವಷ್ಟು ತುಳಿದರೆ ಚೆನ್ನಾಗಿದ್ದ ಸೀಲೂ ಹರಿಯುತ್ತದೆ. ಲೇಖನದಲ್ಲಿ ಈ ಮಾತು ಇರಲೇಬೇಕಿತ್ತು. ಇನ್ನು ರಬ್ಬರ್ ಭಾಗಗಳನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯಬೇಡಿ, ಊದಿಕೊಳ್ಳುತ್ತವೆ. ಹೊಸ ಡಾಟ್ 3 ಬ್ರೇಕ್ ಆಯಿಲಿನಲ್ಲೇ ತೊಳೆಯಿರಿ. ಏರ್ ತೆಗೆಯುವಾಗ ಟ್ಯೂಬಿನಿಂದ ಹೊರಬಂದ ಆಯಿಲನ್ನು ಮತ್ತೆ ಬಾಟಲಿಗೆ ಸುರಿಯಬೇಡಿ.