ಸಭೆ ಬಿಟ್ಟವರಿಗೆ ಶಾಪ ಯಾಕೆ?

ಇಂಗ್ಲೆಂಡಿನಲ್ಲಿ ಚರ್ಚು ಬಿಡುವುದು ಸುಲಭ. ಹೋಗುವುದನ್ನು ನಿಲ್ಲಿಸಿದರೆ ಆಯ್ತು. ಯಾವತ್ತೋ ಅಂಗಡಿಯಲ್ಲಿ ಹಳೆಯ ಮುಖವೊಂದು ಎದುರಾಗಿ "ಚೆನ್ನಾಗಿದ್ದೀರಾ?" ಅಂದರೆ ಅದೇ ಹೆಚ್ಚು. ನಮ್ಮ ಕೋಲಾರದಲ್ಲಿ ಹಾಗಲ್ಲ. ಒಂದು ಭಾನುವಾರ ತಪ್ಪಿಸಿದರೆ ಮಧ್ಯಾಹ್ನವೇ ಫೋನ್ ಬರುತ್ತದೆ. ಮುಂದಿನ ವಾರ ಪಾಸ್ಟರಮ್ಮ ಇಬ್ಬರು ಸಿಸ್ಟರ್‌ಗಳನ್ನು ಕರೆದುಕೊಂಡು ಮನೆಗೇ ಬರುತ್ತಾರೆ. ಆಮೇಲೂ ಹೋಗದಿದ್ದರೆ ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಮೈಕಿನಲ್ಲೇ ನಿಮ್ಮ ಹೆಸರು. ಅಲ್ಲಿಗೆ ನೀವು ಹಿಂಜಾರಿದವರು, ಅಂದರೆ ವಿಶ್ವಾಸ ಬಿಟ್ಟವರು, ಅಂತ ಬೀದಿಗೆಲ್ಲ ಗೊತ್ತಾಯಿತು.

ನಾನು ಬ್ರಿಸ್ಟಲಿನಲ್ಲಿ ನರ್ಸ್. ಹುಟ್ಟಿ ಬೆಳೆದಿದ್ದು, ಓದಿದ್ದು, ಮೊದಲು ಕೆಲಸ ಮಾಡಿದ್ದು ಎಲ್ಲ ಕೋಲಾರದಲ್ಲೇ. ಅಭಿಷೇಕದ ಸಭೆ ಅನ್ನುವ ಪೆಂಟೆಕೋಸ್ಟ್ ಚರ್ಚೊಂದರಲ್ಲಿ ವರ್ಷಗಟ್ಟಲೆ ಹಾಡಿದ್ದೇನೆ, ಕೊನೆಗೆ ಅದನ್ನು ಬಿಟ್ಟಿದ್ದೇನೆ. ಒಂದು ಸಭೆ ಎಂಥದ್ದು ಅಂತ ತಿಳಿಯಬೇಕಾದರೆ ಅಲ್ಲಿನ ಹಾಡು, ಅದ್ಭುತ, ಜನಸಂಖ್ಯೆ ನೋಡಿ ಪ್ರಯೋಜನವಿಲ್ಲ. ಅದನ್ನು ಬಿಟ್ಟು ಹೊರಟವರನ್ನು ಹೇಗೆ ಕಳಿಸಿಕೊಡುತ್ತದೆ, ಅದನ್ನು ನೋಡಬೇಕು. ಈ ಮಾತು ಕೋಲಾರಕ್ಕೂ ಸಲ್ಲುತ್ತದೆ, ಬ್ರಿಸ್ಟಲಿಗೂ ಸಲ್ಲುತ್ತದೆ.

ನಮ್ಮದು ಹಳೇ ಮಿಷನ್ ಚರ್ಚಿನ ಮನೆತನ. 1876-78ರ ದೊಡ್ಡ ಬರದಲ್ಲಿ ಅನಾಥರಾದ ಮಕ್ಕಳನ್ನು ಮಿಸ್ ಆನ್‌ಸ್ಟಿ ಅನ್ನುವ ಇಂಗ್ಲಿಷ್ ಹೆಂಗಸು ಕೋಲಾರದಲ್ಲಿ ಸಾಕಿದರು. ಆಮೇಲೆ ಆ ಕೆಲಸ ಅಮೆರಿಕನ್ ಮೆಥೊಡಿಸ್ಟರ ಕೈಗೆ ಹೋಯಿತು. ಇಟಿಸಿಎಂ ಆಸ್ಪತ್ರೆ ಬಂದಿದ್ದು ಅವರಿಂದಲೇ. ಅಲ್ಲಿ ಹುಟ್ಟಿದವರು ಊರಿನ ಎಲ್ಲ ಜಾತಿಯಲ್ಲೂ ಇದ್ದಾರೆ. ಆದರೆ ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಪುಸ್ತಕ ನೋಡಿ ಓದುವ ಪ್ರಾರ್ಥನೆ ಸಾಲಲಿಲ್ಲ. ಅಂಗಡಿ ಮೇಲಿನ ಶೀಟಿನ ಹಾಲ್‌ನಲ್ಲಿ ಒಂದು ಸಭೆ ನಡೆಯುತ್ತಿತ್ತು. ಅಮ್ಮ ಅಲ್ಲಿಗೆ ಹೋದರು, ಮನಸಾರೆ ಅತ್ತರು. ಯಾರೂ ಸುಮ್ಮನಿರು ಅನ್ನಲಿಲ್ಲ. ಆ ತಿಂಗಳು ಅಕ್ಕಿ, ಬೇಳೆ, ನನ್ನ ಫೀಸು ಎಲ್ಲ ಆ ಸಭೆಯವರೇ ನೋಡಿಕೊಂಡರು.

ಇದನ್ನು ಮೊದಲೇ ಹೇಳಬೇಕು. ಇಂಥ ಸಭೆ ಅಂದ ಕೂಡಲೇ ಓದಿದವರು ನಗುತ್ತಾರೆ. ಬಡವರ ತಲೆ ಕೆಡಿಸುವ ವ್ಯಾಪಾರ ಅನ್ನುತ್ತಾರೆ. ಅವರು ಆ ಶೀಟಿನ ಕೆಳಗೆ ಒಂದು ಬೆಳಗ್ಗೆ ಕೂತು ನೋಡಿಲ್ಲ. ಹಳ್ಳಿಯ ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಟೀ ಕುಡಿದು ಬೆಳೆದ ಹೆಂಗಸಿನ ಕೈಗೆ ಅಲ್ಲಿ ಮೈಕ್ ಕೊಡುತ್ತಾರೆ. 'ಸಿಸ್ಟರ್, ಸಾಕ್ಷಿ ಹೇಳಿ' ಅನ್ನುತ್ತಾರೆ, ಅಂದರೆ ದೇವರು ನಿಮಗೆ ಏನು ಮಾಡಿದರು ಹೇಳಿ ಅಂತ. ನೂರು ಜನ ಕಿವಿಗೊಟ್ಟು ಕೇಳುತ್ತಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ಇಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಸರ್ಟಿಫಿಕೇಟಿನಲ್ಲಿ ಒಂದು ಧರ್ಮ, ಮನೆಯಲ್ಲಿ ಇನ್ನೊಂದು. ಅಂಥವರಿಗೆ ಇದ್ದ ಹಾಗೇ ಕಾಣಿಸಿಕೊಳ್ಳಲು ಇರುವುದು ಆ ಹಾಲ್ ಒಂದೇ. ಅದನ್ನು ಬಿಡುವುದು ಅಂದರೆ ಭಾನುವಾರದ ಕಾರ್ಯಕ್ರಮ ಬದಲಾಯಿಸಿದಷ್ಟು ಸಲೀಸಲ್ಲ. ಚೀಟಿ ಹಾಕಿರುವುದು ಅಲ್ಲೇ, ಮಗಳಿಗೆ ಗಂಡು ನೋಡುತ್ತಿರುವುದು ಅಲ್ಲೇ, ಸತ್ತರೆ ಹೆಣ ಹೊರುವವರೂ ಅವರೇ.

ಹಾಗಾದರೆ ಬಿಟ್ಟಿದ್ದು ಯಾಕೆ?

ನನ್ನ ಮಟ್ಟಿಗೆ ಶುರುವಾಗಿದ್ದು ಸೋದರತ್ತೆಯ ಸಕ್ಕರೆ ಕಾಯಿಲೆಯಿಂದ. ಕಾಯಿಲೆ, ಕಷ್ಟದಿಂದ ಬಿಡಿಸಲು ಪ್ರಾರ್ಥಿಸುವ ಒಂದು ಬಿಡುಗಡೆ ಕೂಟದಲ್ಲಿ ಹೊರಗಿನಿಂದ ಬಂದ ಪ್ರಸಂಗಿ ಅತ್ತೆಯ ತಲೆ ಮೇಲೆ ಕೈ ಇಟ್ಟು, ಇವತ್ತಿನಿಂದ ನೀನು ಸ್ವಸ್ಥಳಾದೆ ಅಂದರು. ಸ್ಟೇಜಿನ ಮೇಲೆ ಒಂದು ಸ್ಟೀಲ್ ತಟ್ಟೆ ಇತ್ತು. ನಂಬುವವರು ಮಾತ್ರೆಯನ್ನು ಇದರಲ್ಲಿ ಹಾಕಿ ಅಂದರು. ಅತ್ತೆ ಸೆರಗಿನ ಗಂಟು ಬಿಚ್ಚಿ, ಅರ್ಧ ಖಾಲಿಯಾದ ಸ್ಟ್ರಿಪ್ಪನ್ನು ತಟ್ಟೆಗೆ ಹಾಕಿದರು. ಕೀಬೋರ್ಡಿನ ಹುಡುಗ ಸದ್ದು ಏರಿಸಿದ. ಎಲ್ಲರೂ ಸ್ತೋತ್ರ ಸ್ತೋತ್ರ ಅಂದರು. ಅವತ್ತು ಹಾಡುವವರ ಸಾಲಿನಲ್ಲಿ ನಾನೂ ನಿಂತಿದ್ದೆ. ಮನೆಗೆ ಬಂದು "ಅತ್ತೆ, ಮಾತ್ರೆ ನಿಲ್ಲಿಸಬೇಡಿ" ಅಂದೆ. "ನಿಂಗೆ ನರ್ಸಿಂಗ್ ಜಾಸ್ತಿ ಆಯ್ತು, ವಿಶ್ವಾಸ ಕಡಿಮೆ ಆಯ್ತು ಕಣೇ" ಅಂದರು. ಮುಂದೆ ಪಾದದ ಗಾಯ ವಾಸಿಯಾಗದೆ ಎರಡು ಬೆರಳು ತೆಗೆಯಬೇಕಾಯಿತು. ಸಕ್ಕರೆ ಹೆಚ್ಚಿದ್ದರೆ ಪಾದದ ನರ ಜೋಮು ಹಿಡಿಯುತ್ತದೆ, ರಕ್ತ ಸರಿಯಾಗಿ ಓಡಾಡುವುದಿಲ್ಲ. ಕಲ್ಲು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಇದು ನಮಗೆ ಮೊದಲ ವರ್ಷವೇ ಹೇಳಿಕೊಡುವ ಪಾಠ.

ಪಾಸ್ಟರ್ ಆಸ್ಪತ್ರೆಗೆ ಬಂದರು, ಪ್ರಾರ್ಥನೆ ಮಾಡಿದರು. ಹೊರಗೆ ಬಂದು, ಅವರಲ್ಲಿ ಎಲ್ಲೋ ಸಂದೇಹ ಇತ್ತು ಅಂದರು. ಬೆರಳೂ ಹೋಯಿತು, ತಪ್ಪೂ ಅತ್ತೆಯದೇ ಆಯಿತು.

ಆಮೇಲೆ ಬೈಬಲನ್ನು ನರ್ಸಿನ ಕಣ್ಣಿನಿಂದ ಓದತೊಡಗಿದೆ. ಯೇಸುವಿನ ಅಪೊಸ್ತಲ ಪೌಲ ಎಷ್ಟೋ ಜನರನ್ನು ಗುಣಪಡಿಸಿದ ಅಂತ ಇದೆ. ಅದೇ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ, ಜೊತೆಗಾರ ತ್ರೊಫಿಮನಿಗೆ ಹುಷಾರಿಲ್ಲದ್ದರಿಂದ ಅವನನ್ನು ಮಿಲೇತದಲ್ಲೇ ಬಿಟ್ಟು ಬಂದೆ ಅನ್ನುತ್ತಾನೆ. ಮೊದಲನೇ ಪತ್ರದಲ್ಲಿ ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಮದ್ದು ಹೇಳುತ್ತಾನೆ. ಯಾರ ವಿಶ್ವಾಸವನ್ನೂ ಎಳೆದು ತರುವುದಿಲ್ಲ. ಅವನ ಜೊತೆಗಿದ್ದ ಲೂಕ ವೈದ್ಯನೇ. ಇಷ್ಟು ವರ್ಷದ ಪ್ರಸಂಗಗಳಲ್ಲಿ ತ್ರೊಫಿಮನ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ದುಡ್ಡಿನ ವಿಷಯವೂ ಇತ್ತು. ದಶಮಾಂಶಕ್ಕೆ, ಅಂದರೆ ಸಂಪಾದನೆಯ ಹತ್ತರಲ್ಲೊಂದು ಪಾಲಿಗೆ, ಹೆಸರು ಬರೆದ ಕವರ್. ಯಾರು ಕೊಟ್ಟರು, ಯಾರು ಬಿಟ್ಟರು ಗೊತ್ತಾಗಲಿ ಅಂತ. ನಮ್ಮ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಹುಂಡಿ ನೆಲದೊಳಗಿದೆ. ಹಾಕಿದ ಕಾಣಿಕೆ ಯಾರದು, ಎಷ್ಟು ಅಂತ ಕೇಳುವವರಿಲ್ಲ. ಅದರಷ್ಟು ಮರ್ಯಾದೆ ನಮ್ಮ ಕವರಿಗೆ ಇರಲಿಲ್ಲ. ದಶಮಾಂಶ ಕೊಡದವರು ದೇವರನ್ನೇ ದೋಚುತ್ತಾರೆ ಅನ್ನುವ ಬೈಬಲಿನ ಮಲಾಕಿಯ ಮೂರನೇ ಅಧ್ಯಾಯ ಪ್ರಸಂಗದಲ್ಲಿ ತಿಂಗಳಿಗೊಮ್ಮೆಯಾದರೂ ಬರುತ್ತಿತ್ತು. ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಬರುತ್ತಲೇ ಇರಲಿಲ್ಲ. ಮೂರನೇ ವರ್ಷದ ದಶಮಾಂಶವನ್ನು ಊರಲ್ಲೇ ಇಡಿ, ದೇವಾಲಯದ ಸೇವೆ ಮಾಡುವ ಲೇವಿಯರ ಜೊತೆ ಪರದೇಶಿಗಳು, ಅನಾಥರು, ವಿಧವೆಯರು ಹೊಟ್ಟೆ ತುಂಬ ಉಣ್ಣಲಿ ಅಂತ ಅಲ್ಲಿದೆ.

ಚಿಕ್ಕಪ್ಪ ವೇಮಗಲ್ ಕಡೆ ಟೊಮೆಟೊ ಬೆಳೆಯುತ್ತಾರೆ. ಮೊದಲ ಕೊಯ್ಲಿನ ಬಾಕ್ಸ್ ಪಾಸ್ಟರ್ ಮನೆಗೆ, ಅದು ಪ್ರಥಮ ಫಲ. 2023ರ ಜುಲೈನಲ್ಲಿ 15 ಕಿಲೋ ಬಾಕ್ಸಿಗೆ 2,000 ರೂಪಾಯಿ ದಾಟಿತಲ್ಲ, ಆಗ ಚಿಕ್ಕಪ್ಪನ ಸಾಕ್ಷಿಯನ್ನು ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದರು. ನನಗೂ ಬಂತು. ಒಂದೆರಡು ತಿಂಗಳಲ್ಲಿ ಬೆಲೆ ನೆಲಕಚ್ಚಿತು. ಆಗ ಮೈಕ್ ಬರಲಿಲ್ಲ, ಯಾವುದೋ ಗುಪ್ತ ಪಾಪ ಇರಬೇಕು, ಪರೀಕ್ಷಿಸಿಕೋ ಅನ್ನುವ ಮಾತು ಬಂತು. ಕೋಲಾರದ ಮಾರುಕಟ್ಟೆಗೆ ಕಾಲಿಟ್ಟ ಯಾರಿಗೆ ಬೇಕಾದರೂ ಟೊಮೆಟೊ ಬೆಲೆ ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ ಗೊತ್ತು! ಕೆ.ಸಿ. ವ್ಯಾಲಿ ನೀರು 2018ರಲ್ಲಿ ನಮ್ಮ ಕೆರೆಗಳಿಗೆ ಬಂದಾಗಲೂ ಅದು ಪ್ರವಾದನೆ ನೆರವೇರಿದ್ದು ಅಂತ ಒಬ್ಬರು ಸಾಕ್ಷಿ ಹೇಳಿದ್ದರು. ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ಕಳಿಸಿದ್ದು ಅಂತ ಪಕ್ಕದಲ್ಲಿದ್ದ ಹುಡುಗ ಪಿಸುಗುಟ್ಟಿದ. ನನಗೆ ನಗು ತಡೆಯಲಾಗಲಿಲ್ಲ.

ಬಿಡುತ್ತೇನೆ ಅಂತ ನಾನೇ ಹೋಗಿ ಪಾಸ್ಟರಿಗೆ ಹೇಳಿದೆ. ಅವರು ಬೈಬಲಿನ ಕೀರ್ತನೆ 105 ತೆಗೆದರು: ನನ್ನ ಅಭಿಷಿಕ್ತರನ್ನು, ಅಂದರೆ ನಾನು ಆರಿಸಿಕೊಂಡವರನ್ನು, ಮುಟ್ಟಬೇಡಿ. ಆ ಕೀರ್ತನೆಯನ್ನು ಮೇಲಿನಿಂದ ಓದಿದರೆ, ಸ್ವಂತ ನೆಲ ಇಲ್ಲದೆ ಊರೂರು ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರನ್ನು ಮುಟ್ಟಬೇಡಿ ಅಂತ ದೇವರು ರಾಜರಿಗೆ ಹೇಳಿದ ಮಾತು ಅದು. ಮೈಕ್ ಹಿಡಿದವರು ಕೆಳಗೆ ಕೂತವರಿಗೆ ಹೇಳುವ ಮಾತಲ್ಲ. ನಾನು ಇದನ್ನೇ ಅಂದೆ. ನಿನ್ನ ಮದುವೆ ಆಗುವುದಿಲ್ಲ, ವೀಸಾ ಬರುವುದಿಲ್ಲ ಅಂದರು. ವೀಸಾ ಅಂತೂ ಬಂತು.

ಬ್ರಿಸ್ಟಲಿಗೆ ಬಂದ ಮೇಲೆ ತಿಳಿದದ್ದು, ನಮ್ಮ ಶೀಟಿನ ಹಾಲ್‌ನ ಗದ್ದಲ ಅಮೆರಿಕದಿಂದ ನೇರ ಬಂದ ಸರಕಲ್ಲ. ಮೆಥೊಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿ 1739ರಲ್ಲಿ ಕಟ್ಟಿಸಿದ 'ನ್ಯೂ ರೂಮ್' ಇರುವುದು ಇದೇ ಊರಲ್ಲಿ. ಮೆಥೊಡಿಸ್ಟರ ಅತಿ ಹಳೆಯ ಕಟ್ಟಡ. ಆ ವರ್ಷ ಇಲ್ಲಿ ಅವರ ಪ್ರಸಂಗ ಕೇಳಿ ಜನ ಕೂಗಿ ನೆಲಕ್ಕೆ ಬೀಳುತ್ತಿದ್ದರು ಅಂತ ಅವರೇ ದಿನಚರಿಯಲ್ಲಿ ಬರೆದಿದ್ದಾರೆ. ಪಕ್ಕದ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯವರು ಬಯಲಲ್ಲಿ ನಿಂತು ಕೇಳುತ್ತಿದ್ದರು. ಚರ್ಚಿನೊಳಗೆ ಜಾಗ ಇಲ್ಲದವರು. ನನಗೆ ಕೆಜಿಎಫ್ ನೆನಪಾಯಿತು. ಇನ್ನು ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಪೆಂಟೆಕೋಸ್ಟ್ ಕೂಟ ಶುರುವಾಗಿದ್ದು 1906ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ನಿನ ಹೆಣ್ಣುಮಕ್ಕಳು ಗಟ್ಟಿಯಾಗಿ ಅಳುತ್ತಾ ಪ್ರಾರ್ಥಿಸಿದ್ದರು. ರಮಾಬಾಯಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. ಹಾಗಾಗಿ ಅಳು, ಕೂಗು, ಕೈ ತಟ್ಟುವುದರ ಬಗ್ಗೆ ನನ್ನ ತಕರಾರು ಏನೂ ಇಲ್ಲ. ತಕರಾರು ಇರುವುದು ಸ್ಟೀಲ್ ತಟ್ಟೆಯ ಬಗ್ಗೆ.

ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ಬರೆಯಲು ಕೂತಿಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರೈಸ್ತರು ಅಂತ ಬರೆಸಿದವರು ಶೇ. 46.2, ಯಾವ ಧರ್ಮವೂ ಇಲ್ಲ ಅಂದವರು ಶೇ. 37.2. ಬ್ರಿಸ್ಟಲಿನ ಒಂದು ಹಳೇ ಚರ್ಚಿನಲ್ಲಿ ಈಗ ಗೋಡೆ ಹತ್ತುವ ಆಟ ಆಡಿಸುತ್ತಾರೆ, ಇನ್ನೊಂದರಲ್ಲಿ ಸರ್ಕಸ್ ಕಲಿಸುತ್ತಾರೆ. ಬಿಟ್ಟವರನ್ನು ಯಾರೂ ಬೈಯುವುದಿಲ್ಲ, ಹುಡುಕುವುದೂ ಇಲ್ಲ. ನನ್ನ ವಾರ್ಡಿನಲ್ಲಿ ವಾರವೆಲ್ಲ ಒಬ್ಬರೂ ನೋಡಲು ಬಾರದ ಮುದುಕರು ಇರುತ್ತಾರೆ. ನೀವು ಚರ್ಚಿಗೆ ಹೋಗುತ್ತಿದ್ದಿರಾ ಅಂದರೆ, "ಹೋಗ್ತಿದ್ದೆ, ಆಮೇಲೆ ಹಾಗೇ ಬಿಟ್ಟುಹೋಯ್ತು" ಅನ್ನುತ್ತಾರೆ. ಕೋಲಾರದಲ್ಲಾದರೆ ಮಂಚದ ಸುತ್ತ ಜನ ಜಾಸ್ತಿಯಾಗಿ ನರ್ಸ್ ಗದರಬೇಕು.

ಇಲ್ಲಿ ಒಳ್ಳೆಯದು ಅಂದರೆ ಲೆಕ್ಕ. ದೊಡ್ಡ ಚರ್ಚುಗಳ ವರ್ಷದ ಆದಾಯ, ಖರ್ಚು ದತ್ತಿ ಸಂಸ್ಥೆಗಳ ಮೇಲೆ ಕಣ್ಣಿಡುವ ಸರ್ಕಾರಿ ಚಾರಿಟಿ ಕಮಿಷನ್ನಿನ ವೆಬ್‌ಸೈಟಿನಲ್ಲೇ ಸಿಗುತ್ತದೆ. ಯಾರು ಬೇಕಾದರೂ ನೋಡಬಹುದು. ಕಾಗದಪತ್ರ ಇದ್ದ ಮಾತ್ರಕ್ಕೆ ಎಲ್ಲ ನೆಟ್ಟಗಿರುತ್ತದೆ ಅಂತಲ್ಲ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದವನ ಪ್ರಕರಣವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಅನ್ನುವ ಕಾರಣಕ್ಕೆ ಚರ್ಚ್ ಆಫ್ ಇಂಗ್ಲೆಂಡಿನ ಅತಿ ಹಿರಿಯ ಬಿಷಪ್ಪಾಗಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ 2024ರ ನವೆಂಬರಿನಲ್ಲಿ ರಾಜೀನಾಮೆ ಘೋಷಿಸಿದರು. ಆದರೆ ಕೇಳುವವರಿದ್ದರು, ಉತ್ತರ ಕೊಡಬೇಕಾಯಿತು.

ಇದನ್ನೆಲ್ಲ ಬಹಿರಂಗವಾಗಿ ಬರೆಯಬೇಡ ಅನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ತಡೆಯುವ ಕಾನೂನು ಬಂದಾಗ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಳ್ಳುವುದಕ್ಕೂ ನಮ್ಮವರು ಹೆದರುತ್ತಿದ್ದರು. ಇಂಥ ಹೊತ್ತಲ್ಲಿ ಒಳಗಿನವರೇ ಬೈದರೆ ಹೊರಗಿನವರ ಕೈಗೆ ದೊಣ್ಣೆ ಕೊಟ್ಟ ಹಾಗೆ ಅನ್ನುತ್ತಾರೆ. ಆದರೆ ಅತ್ತೆಯ ಬೆರಳು ತೆಗೆಸಿದ್ದು ಹೊರಗಿನವರಲ್ಲ. ಹೊರಗೆ ಒತ್ತಡ ಇದ್ದಷ್ಟೂ ಒಳಗೆ ಪ್ರಶ್ನೆ ಕೇಳುವ ಹಕ್ಕು ಜಾಸ್ತಿ ಬೇಕು.

ದೇವರನ್ನು ಬಿಟ್ಟೆಯಾ ಅಂತ ಕೇಳುತ್ತಾರೆ. ಇಲ್ಲ. ಈಗ ಸಣ್ಣ ಚರ್ಚೊಂದಕ್ಕೆ ಹೋಗುತ್ತೇನೆ, ನೈಟ್ ಡ್ಯೂಟಿ ಇದ್ದರೆ ಹೋಗುವುದಿಲ್ಲ. ಅನ್ಯಭಾಷೆ, ಅಂದರೆ ಪ್ರಾರ್ಥನೆಯ ಆವೇಶದಲ್ಲಿ ಬರುವ ಅರ್ಥವಾಗದ ನುಡಿ, ಮಾತಾಡುವುದಿಲ್ಲ. ಹಿಂದೆ ಅದು ನನಗೆ ಬಂದಿದ್ದು, ಹಲ್ಲೆಲೂಯ ಅಂತ ಬೇಗ ಬೇಗ ಹೇಳುತ್ತಾ ಹೋಗು, ನಾಲಿಗೆ ತಾನೇ ತಿರುಗುತ್ತದೆ ಅಂತ ಪಾಸ್ಟರಮ್ಮ ಪಕ್ಕದಲ್ಲಿ ಕೂತು ಹೇಳಿಕೊಟ್ಟ ಮೇಲೆ. ಅದೆಲ್ಲ ಸುಳ್ಳು ಅಂತ ಅಮ್ಮನ ಮುಂದೆ ಹೇಳುವುದಿಲ್ಲ. ಅಮ್ಮನದು ನನ್ನದರ ಹಾಗಲ್ಲ ಅನಿಸುತ್ತದೆ. ಕಾಯಿಲೆಯವರಿಗಾಗಿ ಪ್ರಾರ್ಥಿಸುತ್ತೇನೆ, ಮಾತ್ರೆ ಕೊಟ್ಟ ಮೇಲೆ. ಕೀರ್ತನೆ 88 ಈಗ ಇಷ್ಟ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಯಾರೂ ಬಂದು ಸಾಕ್ಷಿ ಹೇಳುವುದಿಲ್ಲ.

ನಮ್ಮ ಕಡೆಯ ಪಾಸ್ಟರುಗಳನ್ನು ಕೇಳುವುದು ದೊಡ್ಡದೇನಲ್ಲ. ವರ್ಷಕ್ಕೊಮ್ಮೆ ಲೆಕ್ಕ ಬರೆದು ಹಾಲ್‌ನ ಗೋಡೆಗೆ ಅಂಟಿಸಿ. ಕವರಿನ ಮೇಲೆ ಹೆಸರು ಬೇಡ. ಸ್ವಸ್ಥತೆಯ ಪ್ರಾರ್ಥನೆ ಮಾಡಿ, ಆದರೆ ಡಾಕ್ಟರು ಹೇಳುವ ತನಕ ಮಾತ್ರೆ ಬಿಡಬೇಡಿ ಅಂತ ಅದೇ ಮೈಕಿನಲ್ಲಿ ಹೇಳಿ. ಯಾರಾದರೂ ಹೊರಟರೆ ಅವರಿಗೂ ತಲೆ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿ ಕಳಿಸಿ. ಅವರ ತಾಯಿ ಇನ್ನೂ ನಿಮ್ಮ ಸಭೆಯಲ್ಲೇ ಕೂತಿರುತ್ತಾರೆ.

ಅಕ್ಕನಿಗೆ ಇದನ್ನು ಫೋನಿನಲ್ಲಿ ಓದಿ ಹೇಳಿದೆ. "ನೀನು ಅಲ್ಲಿ ಕೂತು ಚೆನ್ನಾಗಿ ಬರೀತೀಯ" ಅಂದಳು. "ಹೋದ ತಿಂಗಳು ಅಮ್ಮ ಜಾರಿ ಬಿದ್ದಾಗ ಆಟೋ ತಂದಿದ್ದು ಯಾರು? ಅದೇ ಸಭೆ ಹುಡುಗರು. ನಿನ್ನ ಹಳೇ ಮಿಷನ್ ಚರ್ಚಿನೋರು ಒಬ್ರೂ ಬರ್ಲಿಲ್ಲ. ಅದನ್ನೂ ಬರಿ." ಬರೆದಿದ್ದೇನೆ. ಆ ಹುಡುಗರಲ್ಲಿ ಒಬ್ಬ ಈಗ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾನೆ, ಸಭೆ ಬಿಡಬೇಕು ಅಂತ ಇದ್ದಾನಂತೆ. ಅದು ಪಾಸ್ಟರಿಗೆ ಇನ್ನೂ ಗೊತ್ತಿಲ್ಲ ಅಂತ ಅಕ್ಕನೇ ಹೇಳಿದಳು.