ಎರಡು ಪಟ್ಟು ಗಾತ್ರಕ್ಕೆ ಎಂಟು ಪಟ್ಟು ಉಲ್ಲನ್

ಉಲ್ಲನ್ ಪಾಂಪಾಮ್, ಅಂದರೆ ನೂಲಿನ ಎಳೆಗಳ ಕಂತೆಯನ್ನು ನಡುವೆ ಬಿಗಿದು ತುದಿ ಕತ್ತರಿಸಿದ ಚೆಂಡು, ಮಾಡುವುದು ಮಕ್ಕಳಾಟ ಅನ್ನುವ ಮಾತು 5 ಸೆಂ.ಮೀ. ಚೆಂಡಿನ ಮಟ್ಟಿಗೆ ನಿಜ. ಅದೇ ಧೈರ್ಯದಲ್ಲಿ 20 ಸೆಂ.ಮೀ. ಚೆಂಡಿಗೆ ಕೈಹಾಕಿದರೆ ಬರುವುದು ಪಾಂಪಾಮ್ ಅಲ್ಲ, ನೆಲ ಒರೆಸುವ ಮಾಪಿನ ತಲೆ. ಎಳೆಗಳು ಜೋತುಬಿದ್ದಿರುತ್ತವೆ, ಸಂದಿಯಲ್ಲಿ ನಡುವಿನ ಗಂಟು ಇಣುಕುತ್ತಿರುತ್ತದೆ. ತಪ್ಪು ಕೈಯದ್ದಲ್ಲ, ಲೆಕ್ಕದ್ದು.

ಚೆಂಡಿನ ಅಡ್ಡಳತೆ ಎರಡು ಪಟ್ಟಾದರೆ ಅದರ ಮೈ ನಾಲ್ಕು ಪಟ್ಟಾಗುತ್ತದೆ. ಅದನ್ನು ಮೊದಲಿನಷ್ಟೇ ದಟ್ಟವಾಗಿ ಮುಚ್ಚಬೇಕಾದರೆ ಎಳೆಗಳು ನಾಲ್ಕು ಪಟ್ಟು ಬೇಕು, ಒಂದೊಂದೂ ಎರಡು ಪಟ್ಟು ಉದ್ದವಿರಬೇಕು. ನಾಲ್ಕೆರಡ್ಲ ಎಂಟು. 10 ಸೆಂ.ಮೀ. ಚೆಂಡಿಗೆ 25 ಗ್ರಾಂ ಹಿಡಿದಿದ್ದರೆ 20 ಸೆಂ.ಮೀ.ಗೆ 50 ಅಲ್ಲ, 200 ಗ್ರಾಂ. ಇಷ್ಟು ಉಲ್ಲನ್ ಕೈಯಲ್ಲಿಲ್ಲದಿದ್ದರೆ ಗಾತ್ರ ಇಳಿಸಿ. ತೆಳ್ಳಗಿನ ದೊಡ್ಡ ಚೆಂಡಿಗಿಂತ ದಟ್ಟವಾದ 14 ಸೆಂ.ಮೀ. ಚೆಂಡು ಎಷ್ಟೋ ಚೆಂದ.

ಉಲ್ಲನ್ ಆರಿಸುವಾಗ ಪ್ಲೈ, ಅಂದರೆ ನೂಲಿನಲ್ಲಿ ಹೊಸೆದ ಎಳೆ, ಎಷ್ಟು ಅಂತ ನೋಡಿದರೆ ಸಾಲದು. ಲೇಬಲ್ ಮೇಲೆ ಇಷ್ಟು ಗ್ರಾಂಗೆ ಇಷ್ಟು ಮೀಟರ್ ಅಂತ ಇರುತ್ತದಲ್ಲ, ಅದನ್ನು ನೋಡಿ. 100 ಗ್ರಾಂಗೆ 220 ಮೀಟರ್ ಆಸುಪಾಸಿನ ಮಧ್ಯಮ ದಪ್ಪದ ನೂಲು ಈ ಕೆಲಸಕ್ಕೆ ಸರಿ. ಕುರಿಯ ಉಣ್ಣೆ ಸ್ಪ್ರಿಂಗಿನಂತೆ ಎದ್ದು ನಿಲ್ಲುತ್ತದೆ, ಸಾಧಾರಣ ಅಕ್ರಿಲಿಕ್ ಕೂಡ ಪರವಾಗಿಲ್ಲ. ಹತ್ತಿ ನೂಲು ಬೇಡವೇ ಬೇಡ. ಭಾರ ಜಾಸ್ತಿ, ತುದಿ ಅರಳುವುದಿಲ್ಲ, 10 ಸೆಂ.ಮೀ. ಉದ್ದಕ್ಕೆ ಬಾಗಿಯೇ ಬಾಗುತ್ತದೆ. ಮಖಮಲ್ಲಿನಂತಿರುವ ಶೆನಿಲ್ ನೂಲು ನೋಡಲು ಆಸೆ ಹುಟ್ಟಿಸುತ್ತದೆ, ಆದರೆ ಕತ್ತರಿಸಿದ ತುದಿಯಿಂದ ಅದರ ನವಿರು ಉದುರುತ್ತಲೇ ಇರುತ್ತದೆ.

ರಟ್ಟಿನ ಎರಡು ಉಂಗುರ ಜೋಡಿಸಿ ನೂಲು ಸುತ್ತಿ, ಹೊರ ಅಂಚಿನಲ್ಲಿ ಕತ್ತರಿಸಿ, ಉಂಗುರಗಳ ಸಂದಿಯಲ್ಲಿ ದಾರ ಹಾಕಿ ಬಿಗಿಯುವ ವಿಧಾನದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಉಂಗುರ 20 ಸೆಂ.ಮೀ. ಇದ್ದರೆ ಚೆಂಡೂ 20 ಆಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಗಂಟು ಬಿಗಿದಾಗ ನಡುವಿನ ತೂತು ಮುಚ್ಚಿಹೋಗುತ್ತದೆ, ಹಾಗಾಗಿ ಉಂಗುರದ ಅಳತೆಯಲ್ಲಿ ತೂತಿನ ಅಳತೆ ಕಳೆದರೆ ಉಳಿಯುವುದೇ ಚೆಂಡು. ತೂತು 8 ಸೆಂ.ಮೀ. ಬೇಕೇ ಬೇಕು, ಇಲ್ಲದಿದ್ದರೆ 200 ಗ್ರಾಂ ಅದರಲ್ಲಿ ತೂರುವುದಿಲ್ಲ. ಟ್ರಿಮ್ ಮಾಡಲು 2 ಸೆಂ.ಮೀ. ಬಿಟ್ಟರೆ, 20 ಸೆಂ.ಮೀ. ಚೆಂಡಿಗೆ 30 ಸೆಂ.ಮೀ. ಉಂಗುರ. ಅಂಥವು ಎರಡು, ಒಂದರ ಮೇಲೊಂದು. ಎರಡಕ್ಕೂ ಒಂದೇ ಜಾಗದಲ್ಲಿ ಹೊರ ಅಂಚಿನಿಂದ ತೂತಿನವರೆಗೆ 3 ಸೆಂ.ಮೀ. ಅಗಲದ ಸೀಳು ಕೊಟ್ಟುಕೊಂಡರೆ ನೂಲನ್ನು ಪ್ರತಿ ಸಲ ತೂತಿನಲ್ಲಿ ತೂರಿಸುವ ಗೋಳು ತಪ್ಪುತ್ತದೆ.

ಇಷ್ಟೆಲ್ಲ ರಗಳೆ ಯಾಕೆ ಅನ್ನುವವರಿಗೆ ಚಪ್ಪಟೆ ರಟ್ಟೇ ವಾಸಿ. ದೊಡ್ಡ ಗಾತ್ರಕ್ಕೆ ನನ್ನ ಓಟು ಅದಕ್ಕೇ. 22 ಸೆಂ.ಮೀ. ಅಗಲದ ರಟ್ಟು, ಪಾರ್ಸೆಲ್ ಪೆಟ್ಟಿಗೆಯದ್ದು, ಎರಡು ಪದರ ಅಂಟಿಸಿದ್ದು. ಒಂದೇ ಪದರವಾದರೆ ಸುತ್ತುತ್ತಾ ಸುತ್ತುತ್ತಾ ಬಾಗಿ, ಕೊನೆಯ ಸುತ್ತುಗಳು ಗಿಡ್ಡವಾಗುತ್ತವೆ. ನಟ್ಟನಡುವೆ ಒಂದು ಉದ್ದನೆಯ ಸೀಳು ಮಾಡಿ, ಗಂಟಿನ ದಾರವನ್ನು ಮೊದಲೇ ಅದರಲ್ಲಿ ಮಲಗಿಸಿ. ರಟ್ಟಿನಿಂದ ಜಾರಿಸಿ ಆಮೇಲೆ ಕಟ್ಟೋಣ ಅಂದರೆ ಜಾರಿಸುವಾಗಲೇ ಅರ್ಧ ಎಳೆ ದಿಕ್ಕಾಪಾಲು.

ಒಂದು ಸುತ್ತಿಗೆ 44 ಸೆಂ.ಮೀ. ನೂಲು. 200 ಗ್ರಾಂ ಅಂದರೆ ಸುಮಾರು 440 ಮೀಟರ್, ಅಂದರೆ 1000 ಸುತ್ತು. ಗಾಬರಿಯಾಗಬೇಡಿ, ನಾಲ್ಕು ಉಂಡೆಗಳಿಂದ ನಾಲ್ಕು ಎಳೆ ಒಟ್ಟಿಗೆ ಹಿಡಿದರೆ 250 ಸುತ್ತಿಗೆ ಮುಗಿಯುತ್ತದೆ. ಎಳೆದು ಬಿಗಿಯಾಗಿ ಸುತ್ತಬೇಡಿ. ಹಿಗ್ಗಿದ ನೂಲು ಕತ್ತರಿಸಿದೊಡನೆ ಕುಗ್ಗುತ್ತದೆ, 22ರ ಲೆಕ್ಕ 19ಕ್ಕೆ ಇಳಿದರೂ ಅಚ್ಚರಿಯಿಲ್ಲ. ಒಂದೇ ಜಾಗದಲ್ಲಿ ಗುಡ್ಡೆ ಹಾಕುವುದೂ ತಪ್ಪು, ಹೊರಪದರದ ಎಳೆ ಒಳಗಿನದಕ್ಕಿಂತ ಉದ್ದವಾಗಿ ಅಷ್ಟನ್ನೂ ಟ್ರಿಮ್‌ನಲ್ಲಿ ಬಿಸಾಡಬೇಕಾಗುತ್ತದೆ. 10 ಸೆಂ.ಮೀ. ಅಗಲಕ್ಕೆ ಹರಡಿ ಸುತ್ತಿ.

ಇನ್ನು ಗಂಟು. ಇಡೀ ಕೆಲಸದ ಪ್ರಾಣ ಇಲ್ಲಿದೆ. ಅದೇ ಉಲ್ಲನ್‌ನಿಂದ ಕಟ್ಟಿದರೆ ಬಿಗಿಯುವಾಗ ಪಟ್ಟನೆ ಹರಿಯುತ್ತದೆ. ಗಾಳದ ನೈಲಾನ್ ದಾರ ಹರಿಯುವುದಿಲ್ಲ, ಆದರೆ ನುಣುಪು, ಗಂಟು ಸಡಿಲವಾಗುತ್ತದೆ, ಬೆರಳನ್ನೂ ಕೊಯ್ಯುತ್ತದೆ. ಚರ್ಮ ಹೊಲಿಯುವ ಮೇಣದ ದಾರ ಒಳ್ಳೆಯದು. ಗಂಟಿನ ಮೊದಲ ಹೆಣಿಗೆಯಲ್ಲಿ ದಾರವನ್ನು ಒಂದರ ಬದಲು ಎರಡು ಸಲ ಸುತ್ತಿ ಎಳೆದರೆ, ಎರಡನೇ ಹೆಣಿಗೆ ಹಾಕುವವರೆಗೆ ಅದು ಜಾರದೆ ಹಿಡಿದುಕೊಳ್ಳುತ್ತದೆ. ಆಮೇಲೆ ಹಿಂಬದಿಗೆ ತಿರುಗಿಸಿ ಅಲ್ಲೊಂದು ಗಂಟು. ಕೈಯಲ್ಲಿ ಬಲವಿಲ್ಲದವರಿಗೆ ವೈರಿಂಗ್‌ನವರು ಬಳಸುವ ಪ್ಲಾಸ್ಟಿಕ್ ಕೇಬಲ್ ಟೈ ವರದಾನ, ಹಲ್ಲು ಹಲ್ಲಾಗಿ ಬಿಗಿಯುತ್ತಾ ಹೋಗಿ ಹಿಂದೆ ಸರಿಯುವುದೇ ಇಲ್ಲ. ಬಾಲವನ್ನು ಬುಡಕ್ಕೇ ಕತ್ತರಿಸಿ, ತುದಿ ಚುಚ್ಚುತ್ತದೆ. 200 ಗ್ರಾಂ ಕಂತೆ ಚೆನ್ನಾಗಿ ಬಿಗಿದರೆ ಗಂಟು ಬಿದ್ದ ಸೊಂಟದ ಅಡ್ಡಳತೆ ಹತ್ತಿರಹತ್ತಿರ 4 ಸೆಂ.ಮೀ.ಗೆ ಬರಬೇಕು. 6ರಲ್ಲೇ ನಿಂತಿತೆಂದರೆ ನಡುವಿನ ಎಳೆಗಳಿಗೆ ಹಿಡಿತವಿಲ್ಲ ಎಂದರ್ಥ, ಎಳೆದರೆ ಕೈಗೇ ಬರುತ್ತವೆ.

ಕುಣಿಕೆಗಳನ್ನು ಕತ್ತರಿಸಿ, ರಟ್ಟು ಕಳಚಿ, ಚೆಂಡನ್ನು ಜೋರಾಗಿ ಒದರಿ. ಈಗ ಕಾಣುವ ಆಕಾರ ನೋಡಿ ಅಳಬೇಡಿ, ಅದು ಯಾವಾಗಲೂ ಹಾಗೇ ಕೆದರಿರುತ್ತದೆ. ಉದ್ದ ಅಲಗಿನ ಬಟ್ಟೆ ಕತ್ತರಿ ಹಿಡಿದು, ಒಂದೆರಡು ಕತ್ತರಿಗೊಮ್ಮೆ ಚೆಂಡು ತಿರುಗಿಸುತ್ತಾ ಸ್ವಲ್ಪಸ್ವಲ್ಪವೇ ತೆಗೆಯಬೇಕು. ಒಂದೇ ಬದಿಯಲ್ಲಿ ಕೂತರೆ ಅಲ್ಲಿ ಹಳ್ಳ ಬೀಳುತ್ತದೆ, ಅದನ್ನು ಸರಿಮಾಡಲು ಹೋಗಿ ಚೆಂಡೇ ಚಿಕ್ಕದಾಗುತ್ತದೆ. ಕಟ್ಟಿದ ದಾರದ ಬಾಲಗಳನ್ನು ಎಡಗೈಯಲ್ಲಿ ಹಿಡಿದೇ ಇರಿ. ಅದನ್ನೂ ಸೇರಿಸಿ ಕತ್ತರಿಸಿದರೆ ಆಮೇಲೆ ನೇತುಹಾಕುವುದು ಹೇಗೆ? ಅರಳಲಿ ಅಂತ ಇಸ್ತ್ರಿಪೆಟ್ಟಿಗೆಯ ಹಬೆ ಕೊಡುವುದಾದರೆ ದೂರದಿಂದ. ಅಕ್ರಿಲಿಕ್‌ಗೆ ಬಿಸಿ ತಾಗಿದರೆ ಸೆಟೆತನ ಹೋಗಿ ಸೊರಗುತ್ತದೆ, ಮತ್ತೆ ಏಳುವುದಿಲ್ಲ.

25 ಸೆಂ.ಮೀ. ದಾಟಿದರೆ ಒಂದೇ ಕಂತೆಯಲ್ಲಿ ಮಾಡುವ ಹಟ ಬಿಡಿ. 15 ಸೆಂ.ಮೀ. ಥರ್ಮೋಕೋಲ್ ಚೆಂಡಿನ ಸುತ್ತ 5 ಸೆಂ.ಮೀ. ಪುಟ್ಟ ಪಾಂಪಾಮ್‌ಗಳನ್ನು ಒತ್ತೊತ್ತಾಗಿ ಕೂರಿಸಿದರೆ 65ರಷ್ಟು ಹಿಡಿದು ಸುಮಾರು 24 ಸೆಂ.ಮೀ. ಆಗುತ್ತದೆ, ಇನ್ನೂ ದೊಡ್ಡದಕ್ಕೆ ಒಳಚೆಂಡನ್ನೇ ದೊಡ್ಡದು ಮಾಡಿ. ಹಗುರ, ಜೋತುಬೀಳುವ ಮಾತೇ ಇಲ್ಲ. ಹಾಟ್ ಗ್ಲೂ ಮಾತ್ರ ಬೇಡ, ಥರ್ಮೋಕೋಲ್ ಕರಗುತ್ತದೆ. ಬಿಳಿ ಅಂಟು ಹಚ್ಚಿ ಒಂದು ರಾತ್ರಿ ಬಿಡಿ.

ಒಗೆಯುವ ವಿಚಾರ ಕೇಳುವವರಿಗೆ: ಇಡೀ ಚೆಂಡನ್ನು ನೀರಲ್ಲಿ ಮುಳುಗಿಸಬೇಡಿ. ಬಿಗಿದ ಸೊಂಟದೊಳಗಿನ ತೇವ ಸುಲಭಕ್ಕೆ ಆರುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ದೂಳಾದರೆ ತಲೆಕೆಳಗೆ ಹಿಡಿದು ಒದರಿ, ಹೇರ್ ಡ್ರೈಯರ್‌ನ ತಣ್ಣನೆ ಗಾಳಿ ಕೊಟ್ಟರೆ ಸಾಕು.