ಲಂಡನ್ ಫರ್ಮ್ ಕೆಲಸಕ್ಕೆ ಕಾಲೇಜಿನ ಹೆಸರು ಎಷ್ಟು ಬೇಕು?

ನಾನು ಲಂಡನ್‌ನಲ್ಲಿ ಸಾಲಿಸಿಟರ್, ಅಂದರೆ ಇಲ್ಲಿನ ಒಂದು ಬಗೆಯ ವಕೀಲ. ಊರ ಕಡೆಯ ಲಾ ಹುಡುಗರು ಹೆಚ್ಚಾಗಿ ಕೇಳೋದು ಒಂದೇ: "ಸರ್, ನಮ್ಮ ಕಾಲೇಜಿನ ಹೆಸರು ನೋಡಿ ಅಲ್ಲಿ ಕೆಲಸ ಕೊಡ್ತಾರಾ?"

ಮೊದಲ ಕೆಲಸಕ್ಕೆ ಹೆಸರು ಬೇಕೇ ಬೇಕು, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇಲ್ಲಿನ ಕೆಲವು ದೊಡ್ಡ ಲಾ ಫರ್ಮ್‌ಗಳು (ವಕೀಲರ ಸಂಸ್ಥೆಗಳು) ಬೆಂಗಳೂರು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್‌ನಂಥ ಬೆರಳೆಣಿಕೆಯ ಕಾಲೇಜುಗಳಿಂದ ಓದು ಮುಗಿಯುವ ಮೊದಲೇ ಹುಡುಗರನ್ನು ಆರಿಸಿಕೊಳ್ಳುತ್ತವೆ. ಹಿಂದೆ ಅಲ್ಲಿಂದ ಬಂದವರು ಚೆನ್ನಾಗಿ ಕೆಲಸ ಮಾಡಿದ್ದಾರೆ, ಆ ನಂಬಿಕೆ ಈಗಿನವರಿಗೂ ಸಿಗುತ್ತದೆ. ಗದಗದಲ್ಲೋ ಬೀದರ್‌ನಲ್ಲೋ ಓದಿದವರ ಹತ್ರ ಯಾರೂ ಬರುವುದೇ ಇಲ್ಲ.

ನನಗೆ ಸಂಕಟ ಆಗೋದು ಇಲ್ಲೇ. ಪಿಯುಸಿ ಮುಗಿಯುತ್ತಿದ್ದಂತೆ ಇಂಥ ಲಾ ಕಾಲೇಜು ಸೇರಲು ಇಂಗ್ಲಿಷ್‌ನಲ್ಲೇ ಬರೆಯಬೇಕಾದ ಒಂದು ಕ್ಲಾಟ್ ಪ್ರವೇಶ ಪರೀಕ್ಷೆ, ಅದರ ರ್‍ಯಾಂಕ್ ವಕೀಲನ ಬೆನ್ನು ಬಿಡುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಇತಿಹಾಸ, ಸಾಹಿತ್ಯ ಓದಿದವರೂ ಆಮೇಲೆ ಕಾನೂನು ಕಲಿತು ದೊಡ್ಡ ಫರ್ಮ್ ಸೇರುತ್ತಾರೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಹೆಸರಿಗೆ ಇಲ್ಲೂ ಬೆಲೆ ಜಾಸ್ತಿ, ನಿಜ. ಆದರೂ ತಡವಾಗಿ ಬಂದವನಿಗೆ ದಾರಿ ಇದೆ.

2021ರಲ್ಲಿ ಇಲ್ಲಿ ಸಾಲಿಸಿಟರ್ ಆಗಲು ಬರೆಯುವ ಎಸ್‌ಕ್ಯೂಇ ಪರೀಕ್ಷೆ ಬಂದ ಮೇಲಂತೂ ನಮ್ಮವರಿಗೂ ಒಂದು ದಾರಿ ಆಗಿದೆ. ಮೊದಲ ಭಾಗದಲ್ಲಿ 360 ಬಹು ಆಯ್ಕೆ ಪ್ರಶ್ನೆ. ಎರಡನೆಯದರಲ್ಲಿ ಡ್ರಾಫ್ಟಿಂಗ್, ವಾದ, ಕಕ್ಷಿದಾರರ ಜೊತೆ ಮಾತುಕತೆ. ಭಾರತದಲ್ಲಿ ಪೂರ್ತಿ ವಕೀಲರಾದವರಿಗೆ ಎರಡು ವರ್ಷದ ಕೆಲಸದ ಅನುಭವ ತೋರಿಸಬೇಕೆಂಬ ಷರತ್ತೂ ಇಲ್ಲ. ಪೇಪರ್ ತಿದ್ದುವವರಿಗೆ ನೀವು ಯಾವ ಕಾಲೇಜು ಅಂತ ಗೊತ್ತೇ ಆಗಲ್ಲ. ಪಾಸಾದರೆ ಕೆಲಸ ಖಾತ್ರಿ ಅಂತಲ್ಲ, ವೀಸಾ ಕೊಡಿಸುವ ಫರ್ಮ್ ಬೇರೆ ಹುಡುಕಬೇಕು.

ಆದರೆ ಕಾಲೇಜಿನ ಹೆಸರು ಅಳಿಸಿಹಾಕಲಿಕ್ಕೆ ಅಂತಲೇ ಅಪ್ಪನ ಜಮೀನಿನ ಮೇಲೆ ಸಾಲ ಮಾಡಿ ಇಲ್ಲಿಗೆ ಎಲ್‌ಎಲ್‌ಎಂಗೆ (ಕಾನೂನಿನ ಸ್ನಾತಕೋತ್ತರ ಪದವಿಗೆ) ಬರಬೇಡಿ. ಕೋರ್ಸ್ ಒಂದೇ ವರ್ಷ, ಇಲ್ಲಿನ ದೊಡ್ಡ ಫರ್ಮ್‌ಗಳು ಟ್ರೇನಿಗಳನ್ನು ಸಾಮಾನ್ಯವಾಗಿ ಎರಡು ವರ್ಷ ಮುಂಚೆಯೇ ಆರಿಸಿರುತ್ತವೆ, ನೀವು ಬಂದು ಬ್ಯಾಗ್ ಬಿಚ್ಚುವಷ್ಟರಲ್ಲಿ ಅರ್ಜಿ ಹಾಕುವ ಸಮಯ ಶುರುವಾಗಿ ಅರ್ಧ ಮುಗಿದೂ ಹೋಗಿರುತ್ತದೆ. ಓದಿನ ಮೇಲೆ ಪ್ರೀತಿ ಇದ್ದರೆ ಖಂಡಿತ ಬನ್ನಿ.

ಇತ್ತೀಚೆಗೆ ಧಾರವಾಡದ ಒಬ್ಬ ಹುಡುಗಿ ಸಿವಿ ಕಳಿಸಿದ್ದಳು. ಮೊದಲ ಪುಟ ತುಂಬಾ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ ಸ್ಪರ್ಧೆ), ಸೆಮಿನಾರ್ ಸರ್ಟಿಫಿಕೇಟ್. ಕೊನೆಯಲ್ಲಿ ಒಂದೇ ಸಾಲು, ಹೈಕೋರ್ಟ್ ಪೀಠದಲ್ಲಿ ಸೀನಿಯರ್ ಹತ್ತಿರ ಜೂನಿಯರ್. ಫೋನ್ ಮಾಡಿ ಕೇಳಿದರೆ, ರಸ್ತೆ ಗುತ್ತಿಗೆದಾರನೊಬ್ಬನ ಆರ್ಬಿಟ್ರೇಷನ್ (ಮಧ್ಯಸ್ಥಿಕೆ) ಮೇಲ್ಮನವಿಯನ್ನು ಪೂರ್ತಿ ಅವಳೇ ಬರೆದಿದ್ದಾಳೆ! ಇಲ್ಲಿನ ಆರ್ಬಿಟ್ರೇಷನ್ ಟೀಮ್‌ಗಳಿಗೆ ಬೇಕಾದದ್ದೇ ಅದು. ಅವಳು ಕರಾರು ಕಾಯ್ದೆಯ 73ನೇ ಕಲಂ ಜೊತೆ ಓದಿದ 1854ರ ಹ್ಯಾಡ್ಲಿ ವರ್ಸಸ್ ಬ್ಯಾಕ್ಸೆಂಡೇಲ್ ಕೇಸನ್ನೇ (ಕರಾರು ಮುರಿದರೆ ಯಾವ ನಷ್ಟಕ್ಕೆ ಪರಿಹಾರ ಅನ್ನುವ ಇಂಗ್ಲಿಷ್ ತೀರ್ಪು) ಇಲ್ಲಿನವರೂ ಓದೋದು. ಅದನ್ನೇ ಮೇಲೆ ಹಾಕು, ವ್ಯಾಜ್ಯ ಏನು, ನೀನು ಬರೆದದ್ದು ಏನು, ಆದೇಶ ಏನಾಯ್ತು ಎಲ್ಲಾ ಬರಿ ಅಂದೆ.

ಅಂಕದ ವಿಷಯಕ್ಕೂ ಹೆದರಬೇಡಿ. ಇಲ್ಲಿ ನೂರಕ್ಕೆ 70 ಬಂದರೆ ಫಸ್ಟ್ ಕ್ಲಾಸ್. ನಿಮ್ಮ ವಿಶ್ವವಿದ್ಯಾಲಯದಲ್ಲಿ 62 ಅಂದರೆ ಎಷ್ಟನೇ ಸ್ಥಾನ ಅನ್ನೋದನ್ನು ಅರ್ಜಿಯಲ್ಲೇ ಬರೆಯಿರಿ, ಆಗ ಓದುವವರಿಗೆ ಅದರ ಬೆಲೆ ಗೊತ್ತಾಗುತ್ತದೆ.